ಹಳೆಯ ಲ್ಯಾಪ್‌ಟಾಪಿನಲ್ಲಿ ಗಿಟ್ ಸರ್ವರ್: 140 ಸಾಲಿನ ಒಂದು ನಡುಪದರ ಕಟ್ಟಿದ ದಾಖಲೆ

ಕಲಬುರಗಿಯ ನಮ್ಮ ಕಚೇರಿಯಲ್ಲಿ ಇರುವವರು ಐದೇ ಜನ. ದಾಲ್ ಮಿಲ್ಲಿನ ಕಾಟಾದ ಮೇಲೆ ತೊಗರಿ ತುಂಬಿದ ಲಾರಿ ನಿಂತಾಗ ತೂಕವನ್ನು ಓದಿ, ಚೀಟಿ ಮುದ್ರಿಸಿ, ಲೆಕ್ಕಕ್ಕೆ ಸೇರಿಸುವ ತಂತ್ರಾಂಶವನ್ನು ಬರೆಯುವುದು ನಮ್ಮ ಕೆಲಸ. ಕೋಡಿನ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಗಿಟ್ ತಂತ್ರಾಂಶದಲ್ಲಿ ಪ್ರತಿ ಮಿಲ್ಲಿಗೂ ಒಂದು ರೆಪೊ (ಕೋಡಿನ ಭಂಡಾರ) ಇತ್ತಾದರೂ ಅದು ಬರೆದವರ ಲ್ಯಾಪ್‌ಟಾಪಿನಲ್ಲೇ ಇರುತ್ತಿತ್ತು. ಒಬ್ಬರಿಂದ ಇನ್ನೊಬ್ಬರ ಕೈಗೆ ಹೋಗಬೇಕಾದರೆ ಪೆನ್‌ಡ್ರೈವೇ ಗತಿ. ಕಳೆದ ಸುಗ್ಗಿಯಲ್ಲಿ ಸೇಡಂ ಕಡೆಯ ಒಂದು ಮಿಲ್ಲಿಗೆ ಹಳೆಯ ಪೆನ್‌ಡ್ರೈವಿನಲ್ಲಿದ್ದ ಪ್ರತಿ ಹೋಗಿ, ತಿಂಗಳ ಹಿಂದೆಯೇ ಸರಿಪಡಿಸಿದ್ದ ತೇವಾಂಶ ಕಡಿತದ ದೋಷ ಮತ್ತೆ ಚೀಟಿಯ ಮೇಲೆ ಕಾಣಿಸಿಕೊಂಡಿತು. ಆ ವಾರವೇ ಎಲ್ಲ ರೆಪೊಗಳನ್ನೂ ಒಂದು ಯಂತ್ರದಲ್ಲಿಟ್ಟು ಎಚ್‌ಟಿಟಿಪಿ ಮೂಲಕ ಹಂಚುವ ವ್ಯವಸ್ಥೆಯನ್ನು ಕಟ್ಟಲು ಕುಳಿತೆ.

ಯಂತ್ರವೆಂದರೆ ಮೂಲೆಗೆ ಬಿದ್ದಿದ್ದ, ಕೀಲಿಮಣೆಯ ಅರ್ಧ ಗುಂಡಿಗಳು ಸತ್ತಿದ್ದ, 2 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್. ಅದಕ್ಕೆ ಡೆಬಿಯನ್ 12 ಎಂಬ ಲಿನಕ್ಸ್ ಹಾಕಿದೆ. ಅದರೊಂದಿಗೆ ಬರುವ ಗಿಟ್‌ನ ಆವೃತ್ತಿ 2.39. ಹೊಸ ಪೆಟ್ಟಿಗೆಯನ್ನು ಕೊಳ್ಳದೆ ಲ್ಯಾಪ್‌ಟಾಪನ್ನೇ ಆರಿಸಿದ್ದಕ್ಕೆ ಉಳಿತಾಯಕ್ಕಿಂತ ದೊಡ್ಡ ಕಾರಣ ಅದರ ಬ್ಯಾಟರಿ. ಕರೆಂಟ್ ಹೋದರೆ ಬೇರೆ ಯುಪಿಎಸ್ ಇಲ್ಲದೆಯೇ ಅದು ಅರ್ಧ ಗಂಟೆಗೂ ಮೇಲೆ ನಿಲ್ಲುತ್ತದೆ. ಮುಚ್ಚಳ ಮುಚ್ಚಿದರೆ ನಿದ್ದೆಗೆ ಜಾರದಂತೆ ಲಾಗಿನ್‌ಡಿ ಸಂಯೋಜನೆಯಲ್ಲಿ ಒಂದು ಸಾಲು ಬದಲಿಸಿ, ಕಿಟಕಿಯಿಂದ ದೂರದ ಗೂಡಿನಲ್ಲಿ, ಶಹಾಬಾದ್ ಕಲ್ಲಿನ ಹಲಗೆಯ ಮೇಲೆ ಇಟ್ಟೆ. ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ ದಾಟುವುದು ಹೊಸದಲ್ಲ, ಬಿಸಿಗೆ ಬ್ಯಾಟರಿ ಉಬ್ಬುವುದೂ ಹೊಸದಲ್ಲ. ಹಾಗಾಗಿ ಅದರ ಹೊಟ್ಟೆಯನ್ನು ತಿಂಗಳಿಗೊಮ್ಮೆ ಮುಟ್ಟಿ ನೋಡುವುದೂ ಈ ಸರ್ವರ್‌ನ ನಿರ್ವಹಣೆಯ ಭಾಗವೇ ಆಗಿದೆ.

ಗಿಟ್ ಹಂಚುವ ಇನ್ನೊಂದು ದಾರಿಯಾದ, ಕೀಲಿ ನೋಡಿ ಯಂತ್ರದೊಳಗೆ ಬಿಡುವ ಎಸ್‌ಎಸ್‌ಎಚ್ ಏಕೆ ಬೇಡವೆಂದರೆ, ನಮ್ಮಲ್ಲಿಗೆ ಎರಡು ತಿಂಗಳ ತರಬೇತಿಗೆಂದು ಬಂದು ಹೋಗುವ ವಿದ್ಯಾರ್ಥಿಗಳಿದ್ದಾರೆ. ಪ್ರತಿಯೊಬ್ಬರ ಕೀಲಿಯನ್ನು ಸೇರಿಸಿ, ಹೋದ ಮೇಲೆ ನೆನಪಿಟ್ಟು ತೆಗೆದು, ಶೆಲ್ (ಯಂತ್ರಕ್ಕೆ ಆದೇಶ ಕೊಡುವ ಕಿಂಡಿ) ಸಿಗದಂತೆ ಕಟ್ಟಿಹಾಕುವುದಕ್ಕಿಂತ ಗುಪ್ತಪದದ ಕಡತದಲ್ಲಿ ಒಂದು ಸಾಲು ಸೇರಿಸಿ ಅಳಿಸುವುದು ಸುಲಭ. ಗಿಟೀಯಂತಹ ಸಿದ್ಧ ತಂತ್ರಾಂಶವನ್ನು ಹಾಕಬಹುದಿತ್ತು. ಅದು ಹಗುರವೇ, ಈ ಲ್ಯಾಪ್‌ಟಾಪಿನಲ್ಲಿ ಓಡಬಲ್ಲದ್ದೂ ಆಗಿತ್ತು. ಆದರೆ ನಮಗೆ ದೋಷಪಟ್ಟಿ, ವಿಕಿ, ಪ್ರೊಫೈಲ್ ಚಿತ್ರ ಯಾವುದೂ ಬೇಕಿರಲಿಲ್ಲ. ಯಾರು ಯಾವ ಮಿಲ್ಲಿನ ರೆಪೊವನ್ನು ಓದಬಹುದು, ಯಾರು ಅದಕ್ಕೆ ಪುಶ್ ಮಾಡಬಹುದು (ತಮ್ಮ ಬದಲಾವಣೆಗಳನ್ನು ಕಳಿಸಬಹುದು) ಎಂಬ ಒಂದು ಪುಟದ ಪಟ್ಟಿ ನಮ್ಮಲ್ಲಿ ಮೊದಲೇ ಇತ್ತು. ಆ ಪಟ್ಟಿಯನ್ನು ಓದಿ, ಬಾಗಿಲು ತೆರೆದು, ಉಳಿದದ್ದನ್ನು ಗಿಟ್‌ಗೇ ಬಿಡುವ ಒಂದು ತೆಳು ಪದರ ಸಾಕೆಂಬುದು ನನ್ನ ಲೆಕ್ಕವಾಗಿತ್ತು.

ಆ ಲೆಕ್ಕಕ್ಕೆ ಆಧಾರವೂ ಇತ್ತು. 2009ರ ಡಿಸೆಂಬರಿನಲ್ಲಿ ಬಂದ ಗಿಟ್ 1.6.6ಕ್ಕಿಂತ ಮೊದಲು ಎಚ್‌ಟಿಟಿಪಿ ಎಂದರೆ ಕಡತಗಳನ್ನು ಒಂದೊಂದಾಗಿ ಇಳಿಸಿಕೊಳ್ಳುವ ‘ಮಂಕು’ ಪದ್ಧತಿ ಮಾತ್ರ. ಸರ್ವರ್‌ಗೆ ತಾನು ಬಡಿಸುತ್ತಿರುವುದು ಗಿಟ್ ಎಂಬ ಅರಿವೇ ಇರುತ್ತಿರಲಿಲ್ಲ. ಷಾನ್ ಪಿಯರ್ಸ್ ರೂಪಿಸಿದ ‘ಚುರುಕು’ ಪದ್ಧತಿಯಲ್ಲಿ ಎರಡೂ ಕಡೆಯವರು ತಮ್ಮಲ್ಲಿ ಏನಿದೆ, ಏನು ಬೇಕು ಎಂದು ಮಾತಾಡಿಕೊಂಡು, ಬೇಕಾದ ವಸ್ತುಗಳಷ್ಟನ್ನೇ ಒಂದು ಪೊಟ್ಟಣ ಕಟ್ಟಿ ಕಳಿಸುತ್ತಾರೆ. ಇದಕ್ಕೆ ಬೇಕಾದ ಸರ್ವರ್ ಭಾಗ ಗಿಟ್‌ನ ಜೊತೆಯಲ್ಲೇ ‘ಗಿಟ್ ಎಚ್‌ಟಿಟಿಪಿ-ಬ್ಯಾಕೆಂಡ್’ ಎಂಬ ಸಿಜಿಐ ಕಾರ್ಯಕ್ರಮವಾಗಿ, ಎಂದರೆ ವೆಬ್ ಸರ್ವರ್ ಪ್ರತಿ ವಿನಂತಿಗೂ ಎಬ್ಬಿಸುವ ಕಾರ್ಯಕ್ರಮವಾಗಿ, ಬರುತ್ತದೆ. ಸ್ಕಾಟ್ ಶಕಾನ್ ರೂಬಿಯಲ್ಲಿ, ರ‍್ಯಾಕ್ ಎಂಬ ನಡುಪದರದ (ಮಿಡಲ್‌ವೇರ್) ಪದ್ಧತಿಗೆ ಹೊಂದುವಂತೆ ‘ಗ್ರ್ಯಾಕ್’ ಬರೆದದ್ದು ಇದೇ ಕೆಲಸಕ್ಕೆ. ನಮಗೆ ರೂಬಿ ಬಾರದು. ಆದ್ದರಿಂದ ವೆಬ್ ಸರ್ವರ್‌ಗೂ ಪೈಥಾನ್ ಕೋಡಿಗೂ ಕೊಂಡಿಯಾಗುವ ಡಬ್ಲ್ಯುಎಸ್‌ಜಿಐ ಪದ್ಧತಿಯಲ್ಲಿ ಅಂಥದ್ದೇ ಪದರವನ್ನು ಬರೆದು, ಅಂಥ ಕೋಡಿಗೆಂದೇ ಇರುವ ಗುನಿಕಾರ್ನ್ ಸರ್ವರ್‌ನಲ್ಲಿ ಓಡಿಸಿ, ಅದರ ಮುಂದೆ ಹೊರಗಿನ ವಿನಂತಿಗಳನ್ನು ಮೊದಲು ಪಡೆಯುವ ಎಂಜಿನ್‌ಎಕ್ಸ್ ವೆಬ್ ಸರ್ವರ್ ನಿಲ್ಲಿಸುವುದೆಂದು ತೀರ್ಮಾನಿಸಿದೆ.

ಪದರದ ಕೆಲಸವನ್ನು ಹೇಳಿದರೆ ಮೂರೇ ಮಾತು. ಬಂದ ವಿಳಾಸದಲ್ಲಿ ಮಿಲ್ಲಿನ ಹೆಸರು ಮತ್ತು ರೆಪೊದ ಹೆಸರು ಸರಿಯಾದ ರೂಪದಲ್ಲಿವೆಯೇ ಎಂದು ನೋಡುವುದು. ಗುಪ್ತಪದವನ್ನು ತಾಳೆ ನೋಡಿ ಬಳಕೆದಾರನ ಹೆಸರನ್ನು ‘ರಿಮೋಟ್_ಯೂಸರ್’ ಎಂಬ ಪರಿಸರ ಚರಾಂಶದಲ್ಲಿ (ಕಾರ್ಯಕ್ರಮಕ್ಕೆ ಆರಂಭದಲ್ಲೇ ಕೊಡುವ, ಹೆಸರಿಟ್ಟ ಮೌಲ್ಯದಲ್ಲಿ) ಇಡುವುದು. ಆಮೇಲೆ ಬ್ಯಾಕೆಂಡ್ ಕಾರ್ಯಕ್ರಮವನ್ನು ಎಬ್ಬಿಸಿ, ಬಂದ ಬೈಟುಗಳನ್ನು ಅದರ ಬಾಯಿಗೆ ಹಾಕಿ, ಅದು ಕೊಟ್ಟ ಬೈಟುಗಳನ್ನು ಹಿಂತಿರುಗಿಸುವುದು. ರೆಪೊಗಳ ಮೂಲ ಫೋಲ್ಡರ್ ಯಾವುದೆಂದು ‘ಗಿಟ್_ಪ್ರಾಜೆಕ್ಟ್_ರೂಟ್’ ಹೇಳುತ್ತದೆ. ಪ್ರತಿ ರೆಪೊದಲ್ಲೂ ರಫ್ತಿಗೆ ಒಪ್ಪಿಗೆಯ ಖಾಲಿ ಕಡತವನ್ನು ಇಡುವ ಬದಲು ಎಲ್ಲವನ್ನೂ ತೆರೆಯುವ ‘ಗಿಟ್_ಎಚ್‌ಟಿಟಿಪಿ_ಎಕ್ಸ್‌ಪೋರ್ಟ್_ಆಲ್’ ಚರಾಂಶವನ್ನು ಬಳಸಿದೆ, ಏಕೆಂದರೆ ಯಾರಿಗೆ ಏನು ಎಂಬುದನ್ನು ನಮ್ಮ ಪಟ್ಟಿಯೇ ತೀರ್ಮಾನಿಸುತ್ತದೆ. ಹಳೆಯ ಮಂಕು ಪದ್ಧತಿಯ ದಾರಿಗಳನ್ನು ಪದರದಲ್ಲೇ ಮುಚ್ಚಿ, ‘ಇನ್ಫೋ/ರೆಫ್ಸ್’, ‘ಗಿಟ್-ಅಪ್‌ಲೋಡ್-ಪ್ಯಾಕ್’, ‘ಗಿಟ್-ರಿಸೀವ್-ಪ್ಯಾಕ್’ ಎಂಬ ಮೂರು ಬಾಗಿಲುಗಳನ್ನಷ್ಟೇ ಉಳಿಸಿದೆ.

ಹೆಸರುಗಳು ಸರ್ವರ್‌ನ ಕಡೆಯಿಂದ ನೋಡಿದವು ಎಂಬುದನ್ನು ನೆನಪಿಡಬೇಕು. ನಾವು ಕ್ಲೋನ್ ಮಾಡಿದಾಗ (ಇಡೀ ರೆಪೊದ ಪ್ರತಿಯನ್ನು ಇಳಿಸಿಕೊಂಡಾಗ) ಸರ್ವರ್ ‘ಅಪ್‌ಲೋಡ್’ ಮಾಡುತ್ತದೆ, ಪುಶ್ ಮಾಡಿದಾಗ ‘ರಿಸೀವ್’ ಮಾಡುತ್ತದೆ. ಮೊದಲ ದಿನ ನಾನೇ ಇದನ್ನು ತಿರುವುಮುರುವಾಗಿ ಬರೆದು, ಓದುವವರನ್ನೆಲ್ಲ ಹೊರಗಿಟ್ಟು ಬರೆಯುವವರಿಗೆ ಬಾಗಿಲು ತೆರೆದಿದ್ದೆ.

ಮೊದಲ ಓಟ

ಮೊದಲ ಪ್ರಯೋಗವನ್ನು ಎಂಜಿನ್‌ಎಕ್ಸ್, ಗುನಿಕಾರ್ನ್ ಯಾವುದೂ ಇಲ್ಲದೆ, ಪೈಥಾನಿನ ಜೊತೆಗೇ ಬರುವ ಸರಳ ಸರ್ವರ್ ಮೇಲೆ ನಡೆಸಿದೆ. ಬ್ರೌಸರಿನಲ್ಲಿ ‘ಇನ್ಫೋ/ರೆಫ್ಸ್’ ವಿಳಾಸಕ್ಕೆ ಸೇವೆಯ ಹೆಸರನ್ನು ಸೇರಿಸಿ ತೆರೆದಾಗ ಬಂದ ಉತ್ತರದ ಮೊದಲ ಸಾಲನ್ನು ನೋಡಿದರೆ ಪದರ ಸರಿಯಾಗಿ ನಿಂತಿದೆಯೇ ಎಂಬುದು ತಿಳಿಯುತ್ತದೆ. ಗಿಟ್ ತನ್ನ ಪ್ರತಿ ಸಾಲಿನ ಮುಂದೆ ನಾಲ್ಕು ಅಕ್ಷರಗಳಲ್ಲಿ ಆ ಸಾಲಿನ ಉದ್ದವನ್ನು ಹದಿನಾರರ ಸಂಖ್ಯಾಪದ್ಧತಿಯಲ್ಲಿ ಬರೆಯುತ್ತದೆ, ಆ ನಾಲ್ಕು ಅಕ್ಷರಗಳೂ ಲೆಕ್ಕಕ್ಕೆ ಸೇರುತ್ತವೆ. ಅಪ್‌ಲೋಡ್-ಪ್ಯಾಕ್ ಸೇವೆಯ ಘೋಷಣೆಯ ಸಾಲು 26 ಬೈಟು, ಅದಕ್ಕೆ 4 ಸೇರಿ 30. ಹಾಗಾಗಿ ಉತ್ತರ 001ಇ ಎಂದು ಆರಂಭವಾಗಬೇಕು. ರಿಸೀವ್-ಪ್ಯಾಕ್ ಹೆಸರಿನಲ್ಲಿ ಒಂದಕ್ಷರ ಹೆಚ್ಚು, ಅಲ್ಲಿ 001ಎಫ್. ನನಗೆ ಮೊದಲು ಕಂಡದ್ದು ಇದಾವುದೂ ಅಲ್ಲ, 500ರ ದೋಷ, ಎಂದರೆ ಸರ್ವರ್‌ನೊಳಗೇ ಎಡವಟ್ಟು. ಬ್ಯಾಕೆಂಡಿನ ಉತ್ತರವನ್ನು ಪಠ್ಯವೆಂದು ಭಾವಿಸಿ ಯೂನಿಕೋಡಿಗೆ ಬದಲಿಸುವ ಆಯ್ಕೆಯನ್ನು ರೂಢಿಯಂತೆ ಹಾಕಿಬಿಟ್ಟಿದ್ದೆ. ಪೊಟ್ಟಣ ಪಠ್ಯವಲ್ಲ. ತಲೆಸಾಲುಗಳನ್ನು (ಉತ್ತರದ ವಿವರ ಹೇಳುವ ಮೊದಲ ಸಾಲುಗಳನ್ನು) ಖಾಲಿ ಸಾಲು ಬರುವವರೆಗೆ ಓದಿಕೊಂಡು, ‘ಸ್ಟೇಟಸ್’ ಎಂಬ ಸಾಲಿದ್ದರೆ ಅದನ್ನು ಎಚ್‌ಟಿಟಿಪಿ ಸ್ಥಿತಿಯಾಗಿಸಿ, ಇಲ್ಲದಿದ್ದರೆ 200 ಎಂದು ಹಿಡಿದು, ಉಳಿದದ್ದನ್ನು ಬೈಟುಗಳಾಗಿಯೇ ಬಿಡುವಂತೆ ತಿದ್ದಿದ ಮೇಲೆ 001ಇ ಕಾಣಿಸಿತು.

ಕ್ಲೋನ್ ನಡೆಯಿತು. ಪುಶ್ ಮಾಡಲು ಹೋದರೆ ಗುಪ್ತಪದವನ್ನು ಕೇಳದೆಯೇ 403 (ಅನುಮತಿಯಿಲ್ಲ) ಎಂದು ಮುಖಕ್ಕೆ ಹೊಡೆದಂತೆ ಹಿಂತಿರುಗಿತು. ಇದರ ಕಾರಣ ಹುಡುಕಲು ಅರ್ಧ ದಿನ ಹಿಡಿಯಿತು, ಗೊತ್ತಾದ ಮೇಲೆ ನಾಚಿಕೆಯಾಯಿತು. ಪುಶ್ ಎಂಬುದು ಒಂದೇ ವಿನಂತಿಯಲ್ಲ. ಮೊದಲು ‘ಇನ್ಫೋ/ರೆಫ್ಸ್’ಗೆ ಗೆಟ್ ವಿನಂತಿ ಹೋಗುತ್ತದೆ, ಅದರ ಬಾಲದಲ್ಲಿ ಸೇವೆಯ ಹೆಸರು ರಿಸೀವ್-ಪ್ಯಾಕ್ ಎಂದಿರುತ್ತದೆ, ಆಮೇಲಷ್ಟೇ ‘ಗಿಟ್-ರಿಸೀವ್-ಪ್ಯಾಕ್’ಗೆ ಪೋಸ್ಟ್ ಹೋಗುತ್ತದೆ. ನಾನು ಎರಡನೆಯದಕ್ಕೆ ಮಾತ್ರ ಕಾವಲು ಹಾಕಿದ್ದೆ. ಮೊದಲನೆಯದು ಹೆಸರಿಲ್ಲದೆ ಬ್ಯಾಕೆಂಡಿಗೆ ಹೋಯಿತು. ‘ರಿಮೋಟ್_ಯೂಸರ್’ ಇಲ್ಲದವರಿಗೆ ಪುಶ್ ಇಲ್ಲವೆಂಬುದು ಬ್ಯಾಕೆಂಡಿನ ಮೂಲ ನಿಯಮ, ಅದು 403 ಎಂದಿತು. ಗಿಟ್ ಕ್ಲೈಂಟ್ (ಬಳಸುವವರ ಯಂತ್ರದಲ್ಲಿರುವ ಗಿಟ್) 401 (ಮೊದಲು ನೀನು ಯಾರೆಂದು ಹೇಳು) ಬಂದರೆ ಮಾತ್ರ ಹೆಸರು, ಗುಪ್ತಪದ ಕೇಳುತ್ತದೆ; 403 ಎಂದರೆ ಮಾತು ಮುಗಿಯಿತೆಂದು ತಿಳಿಯುತ್ತದೆ. ವಿಳಾಸದ ದಾರಿಯನ್ನಷ್ಟೇ ಅಲ್ಲದೆ ಪ್ರಶ್ನೆಭಾಗವನ್ನೂ ನೋಡಿ, ಎರಡೂ ಕಡೆ 401 ಕೊಡುವಂತೆ ಮಾಡಿದಾಗ ಸರಿಹೋಯಿತು. ಗುಪ್ತಪದಗಳನ್ನು ಮರಳಿ ಓದಲಾಗದ ಬಿಕ್ರಿಪ್ಟ್ ರೂಪದಲ್ಲಿ ಇಟ್ಟಿದ್ದೇನೆ. ಎಚ್‌ಟಿಟಿಪಿಯ ‘ಬೇಸಿಕ್’ ಗುರುತಿನ ಪದ್ಧತಿಯಲ್ಲಿ ಗುಪ್ತಪದ ಬೇಸ್64 ವೇಷದಲ್ಲಿ ಹೋಗುತ್ತದೆಯೇ ಹೊರತು ಗೂಢಲಿಪಿಯಲ್ಲಲ್ಲ. ಹಾಗಾಗಿ ಮುಂದೆ ಎಂಜಿನ್‌ಎಕ್ಸ್ ಬಂದಾಗ ಅದರಲ್ಲಿ ಸಂಪರ್ಕವನ್ನೇ ಗೂಢಲಿಪಿಗೆ ತಿರುಗಿಸುವ ಟಿಎಲ್‌ಎಸ್ ಹಾಕಿ, ನಮ್ಮದೇ ಪ್ರಮಾಣಪತ್ರವನ್ನು ಐದೂ ಯಂತ್ರಗಳ ಗಿಟ್‌ಗೆ ಪರಿಚಯಿಸಿದೆ. ಪ್ರಮಾಣಪತ್ರದ ಪರಿಶೀಲನೆಯನ್ನೇ ನಿಲ್ಲಿಸಿಬಿಡುವ ಅಡ್ಡದಾರಿಯನ್ನು ತರಬೇತಿಗೆ ಬಂದವರಿಗೆ ಕಲಿಸಬಾರದೆಂಬುದು ನನ್ನ ಹಟ.

ಮುಂದಿನ ತೊಡಕು ದೊಡ್ಡ ಪುಶ್‌ನಲ್ಲಿ. ಒಂದೆರಡು ಕಮಿಟ್ (ಗಿಟ್‌ನಲ್ಲಿ ದಾಖಲಿಸಿದ ಬದಲಾವಣೆ) ಸಲೀಸಾಗಿ ಹೋಗುತ್ತಿದ್ದವು. 3 ಎಂಬಿಯ ಪುಶ್ ಮಾತ್ರ ಆ ತುದಿಯವರು ಇದ್ದಕ್ಕಿದ್ದಂತೆ ಫೋನಿಟ್ಟರೆಂಬ ಅರ್ಥದ ಸಂದೇಶ ಕೊಟ್ಟು ಸಾಯುತ್ತಿತ್ತು. ಇಂಥ ದೂರಿಗೆ ಎಲ್ಲರೂ ಹೇಳುವ ಮನೆಮದ್ದು, ಕ್ಲೈಂಟಿನ ಪೋಸ್ಟ್ ಬಫರನ್ನು 500 ಎಂಬಿಗೆ ಏರಿಸುವುದು. ಹಾಗೆ ಮಾಡಿದರೆ ರೋಗ ಮುಚ್ಚಿಹೋಗುತ್ತದೆ, ವಾಸಿಯಾಗುವುದಿಲ್ಲ. ಆ ಬಫರಿನ ಮೂಲ ಅಳತೆ 1 ಎಂಬಿ. ಕಳಿಸಬೇಕಾದದ್ದು ಅದರೊಳಗೆ ಹಿಡಿದರೆ ಗಿಟ್ ಉದ್ದವನ್ನು ಮೊದಲೇ ಹೇಳಿ ಕಳಿಸುತ್ತದೆ, ಮೀರಿದರೆ ಮೊದಲು ನಾಲ್ಕು ಸೊನ್ನೆಗಳ ಒಂದು ಪುಟ್ಟ ವಿನಂತಿಯಿಂದ ಬಾಗಿಲು ತಟ್ಟಿ ನೋಡಿ, ಆಮೇಲೆ ಉದ್ದ ಹೇಳದೆ ತುಂಡುತುಂಡಾಗಿ ಕಳಿಸುತ್ತದೆ. ನಾನು ಬಳಸುತ್ತಿದ್ದ ಸರಳ ಸರ್ವರ್‌ಗೆ ತುಂಡುಗಳನ್ನು ಜೋಡಿಸಲು ಬಾರದು. ಸಾಲದೆಂಬಂತೆ ನನ್ನ ಪದರ ಉದ್ದದ ತಲೆಸಾಲು ಇಲ್ಲದಿದ್ದರೆ ಅದನ್ನು ಸೊನ್ನೆ ಎಂದು ತುಂಬಿಸಿ ಬ್ಯಾಕೆಂಡಿಗೆ ಕೊಡುತ್ತಿತ್ತು. ಬ್ಯಾಕೆಂಡ್ ಅದನ್ನು ನಂಬಿ ಏನನ್ನೂ ಓದದೆ ಎದ್ದು ಹೋಗುತ್ತಿತ್ತು. ಉದ್ದ ಗೊತ್ತಿಲ್ಲವೆಂದರೆ ಆ ಚರಾಂಶವನ್ನು ಬಿಟ್ಟೇಬಿಡಬೇಕು. ಆಗ ಬ್ಯಾಕೆಂಡ್ ಮುಗಿಯುವವರೆಗೆ ಓದುತ್ತದೆ. ಗುನಿಕಾರ್ನ್‌ಗೆ ಬದಲಿಸಿದ ಮೇಲೆ ತುಂಡುಗಳ ಜೋಡಣೆಯ ಹೊಣೆಯೂ ನನ್ನ ತಲೆಯಿಂದ ಇಳಿಯಿತು. ಬಂದ ಪೊಟ್ಟಣವನ್ನು ತಾತ್ಕಾಲಿಕ ಕಡತಕ್ಕೆ ಇಳಿಸಿ, ಆ ಕಡತವನ್ನೇ ಬ್ಯಾಕೆಂಡಿನ ಒಳಹರಿವಾಗಿ ಕೊಡುತ್ತೇನೆ. ಪೈಪ್ (ಎರಡು ಪ್ರಕ್ರಿಯೆಗಳ ನಡುವಿನ ಕೊಳವೆ) ಬಳಸಿದ್ದರೆ ನಾನು ಬರೆಯುತ್ತಿರುವಾಗ ಅದೂ ಬರೆಯತೊಡಗಿ, ಲಿನಕ್ಸ್ ಪೈಪಿನ 64 ಕೆಬಿ ತುಂಬಿ, ಇಬ್ಬರೂ ಒಬ್ಬರಿಗೊಬ್ಬರು ಕಾಯುತ್ತ ನಿಲ್ಲುವ ಅಪಾಯವಿತ್ತು.

ಎಂಜಿನ್‌ಎಕ್ಸ್ ಮುಂದೆ ಬಂದ ದಿನವೇ ಅದೇ ಪುಶ್ 413 (ಕಳಿಸಿದ್ದು ತೀರಾ ದೊಡ್ಡದು) ಎಂದು ಮತ್ತೆ ನಿಂತಿತು. ಅದರ ಮೂಲ ಮಿತಿ 1 ಎಂಬಿ. ಮಿತಿಯನ್ನು ತೆಗೆದೇ ಹಾಕುವ ಬದಲು 256 ಎಂಬಿಗೆ ಇಟ್ಟೆ, ಯಾರಾದರೂ ಮಿಲ್ಲಿನ ಸಿಸಿಟಿವಿ ದೃಶ್ಯವನ್ನು ಕಮಿಟ್ ಮಾಡುವ ದಿನಕ್ಕಾಗಿ.

ಒಬ್ಬರಿಗೆ ಮಾತ್ರ ಬರುತ್ತಿದ್ದ ದೋಷ

ಮೂರು ವಾರ ಎಲ್ಲವೂ ಸರಿಯಾಗಿತ್ತು. ಚಿತ್ತಾಪುರದ ಕಡೆಯ ಮಿಲ್ಲುಗಳಲ್ಲಿ ಕುಳಿತು, ನೆಟ್ ಇಲ್ಲದೆ ಕೆಲಸ ಮಾಡಿ ಬಂದಿದ್ದ ನಮ್ಮ ಹಳೆಯ ಸಹೋದ್ಯೋಗಿ ಕಚೇರಿಗೆ ಬಂದು ಫೆಚ್ (ಸರ್ವರ್‌ನಲ್ಲಿರುವ ಹೊಸದನ್ನು ತರಿಸಿಕೊಳ್ಳುವುದು) ಮಾಡಿದಾಗ ಅದು ಬಿದ್ದಿತು. ‘ಎಲ್ಲಾರಿಗೂ ಛಂದ ನಡೀತದ, ನನಗಷ್ಟೇ ಯಾಕ ಹಿಂಗ ಆಗ್ಲತ್ತದ್ರಿ ಸರ್?’ ಎಂದು ಅವರು ಕೇಳಿದ ಪ್ರಶ್ನೆ ನ್ಯಾಯವಾದದ್ದೇ. ಪಕ್ಕದಲ್ಲಿ ಕುಳಿತ ಹುಡುಗಿ ಅದೇ ರೆಪೊವನ್ನು ಅದೇ ನಿಮಿಷ ಹೊಸದಾಗಿ ಕ್ಲೋನ್ ಮಾಡಿ ತೋರಿಸಿದಳು. ಅವರ ಖಾತೆಯಿಂದ, ಅವರದೇ ಲ್ಯಾಪ್‌ಟಾಪಿನಲ್ಲಿ, ಬೇರೆ ಫೋಲ್ಡರಿಗೆ ಕ್ಲೋನ್ ಮಾಡಿದರೂ ಬಂತು. ಹಳೆಯ ಫೋಲ್ಡರಿನಲ್ಲಿ ಫೆಚ್ ಮಾತ್ರ ಬರಲಿಲ್ಲ.

ಸರ್ವರ್‌ನ ದಾಖಲೆಯಲ್ಲಿ, ಸಾಲಿನ ಉದ್ದದ ಅಕ್ಷರ ಕೆಟ್ಟಿದೆ ಎಂಬ ಗಿಟ್‌ನ ದೂರು ಇತ್ತು. ಉದ್ದ ಇರಬೇಕಾದ ಜಾಗದಲ್ಲಿ ಏನಿದೆ ಎಂದು ತಾತ್ಕಾಲಿಕ ಕಡತವನ್ನು ಅಳಿಸದೆ ಉಳಿಸಿ ತೆರೆದು ನೋಡಿದೆ. ಮೊದಲ ಎರಡು ಬೈಟುಗಳು 1ಎಫ್ ಮತ್ತು 8ಬಿ. ಅದು ಜಿಜಿಪ್‌ನ ಗುರುತು. ಬಂದದ್ದು ಗಿಟ್‌ನ ಸಾಲುಗಳಲ್ಲ, ಒತ್ತಿ ಕುಗ್ಗಿಸಿದ ಸಾಲುಗಳು.

ನಡೆದದ್ದು ಹೀಗೆ. ಫೆಚ್ ಮಾಡುವಾಗ ಕ್ಲೈಂಟ್ ತನ್ನಲ್ಲಿರುವ ಕಮಿಟ್‌ಗಳನ್ನು ಹೊಸದರಿಂದ ಹಳೆಯದರ ಕಡೆಗೆ ಒಂದೊಂದಾಗಿ ಹೆಸರಿಸುತ್ತ, ಸರ್ವರ್ ಇದು ನನಗೂ ಗೊತ್ತು ಎನ್ನುವವರೆಗೆ ಹೋಗುತ್ತದೆ. ಅಂಥ ಒಂದೊಂದು ಸಾಲು 50 ಬೈಟು: ಉದ್ದಕ್ಕೆ 4, ಪದ ಮತ್ತು ಜಾಗಕ್ಕೆ 5, ಕಮಿಟ್‌ನ ಹೆಸರಿಗೆ 40, ಸಾಲಿನ ಕೊನೆಗೆ 1. ಎಚ್‌ಟಿಟಿಪಿಗೆ ನೆನಪಿಲ್ಲದ ಕಾರಣ ಪ್ರತಿ ಸುತ್ತಿನಲ್ಲೂ ಹಿಂದಿನ ಮಾತಿನ ಸಾರವನ್ನು ಮತ್ತೆ ಹೇಳಬೇಕು, ಸುತ್ತಿನಿಂದ ಸುತ್ತಿಗೆ ಪಟ್ಟಿಯೂ ದೊಡ್ಡದಾಗುತ್ತದೆ. ವಿನಂತಿ 1024 ಬೈಟು ದಾಟಿದರೆ ಗಿಟ್ ಅದನ್ನು ಜಿಜಿಪ್‌ನಿಂದ ಕುಗ್ಗಿಸಿ, ಕುಗ್ಗಿಸಿದ್ದೇನೆಂದು ‘ಕಂಟೆಂಟ್-ಎನ್‌ಕೋಡಿಂಗ್’ ತಲೆಸಾಲಿನಲ್ಲಿ ತಿಳಿಸುತ್ತದೆ. ಹೊಸದಾಗಿ ಕ್ಲೋನ್ ಮಾಡುವವರ ಬಳಿ ಹೆಸರಿಸಲು ಏನೂ ಇಲ್ಲ, ಅವರ ವಿನಂತಿ ಪುಟ್ಟದು. ದಿನವೂ ಪುಶ್ ಮಾಡುವವರಿಗೆ ಒಂದೆರಡು ಸಾಲಿನಲ್ಲೇ ಸರ್ವರ್‌ನ ಗುರುತು ಸಿಗುತ್ತದೆ. ಈ ಸಹೋದ್ಯೋಗಿಯ ಬಳಿ ಸರ್ವರ್ ನೋಡಿರದ 47 ಕಮಿಟ್‌ಗಳಿದ್ದವು. ಇಪ್ಪತ್ತೊಂದು ಸಾಲಿಗೇ 1024 ದಾಟುತ್ತದೆ.

ಕುಗ್ಗಿದ್ದನ್ನು ಬಿಡಿಸುವುದು ಬ್ಯಾಕೆಂಡಿಗೆ ಗೊತ್ತಿದೆ, ಆ ತಲೆಸಾಲನ್ನು ನೋಡಿದರೆ ಅದು ತಾನೇ ಬಿಡಿಸಿಕೊಳ್ಳುತ್ತದೆ. ನೋಡದಂತೆ ಮಾಡಿದವನು ನಾನು. ಸಿಜಿಐ ಪದ್ಧತಿಯಲ್ಲಿ ಬಂದ ತಲೆಸಾಲುಗಳಲ್ಲಿ ಹೆಚ್ಚಿನವು ‘ಎಚ್‌ಟಿಟಿಪಿ_’ ಎಂಬ ಮುಂಪದ ಹೊತ್ತು ಪರಿಸರ ಚರಾಂಶಗಳಾಗುತ್ತವೆ. ಹೊರಗಿನವರು ‘ಪ್ರಾಕ್ಸಿ’ ಎಂಬ ತಲೆಸಾಲನ್ನು ಕಳಿಸಿದರೆ ಅದು ‘ಎಚ್‌ಟಿಟಿಪಿ_ಪ್ರಾಕ್ಸಿ’ ಆಗಿ, ಒಳಗಿನ ಕಾರ್ಯಕ್ರಮಗಳ ಜಾಲಸಂಪರ್ಕವನ್ನೇ ಬೇರೆಡೆ ತಿರುಗಿಸಬಲ್ಲದು; 2016ರ ಜುಲೈನಲ್ಲಿ ‘ಎಚ್‌ಟಿಟಿಪಾಕ್ಸಿ’ ಎಂಬ ಹೆಸರಿನಲ್ಲಿ ಈ ಅಪಾಯ ಬಯಲಾಗಿತ್ತು. ಅದು ನೆನಪಿದ್ದ ಕಾರಣ, ಬ್ಯಾಕೆಂಡಿಗೆ ಕೊಡುವ ಪರಿಸರವನ್ನು ನಾನು ಬರಿದಾಗಿಸಿ, ಬೇಕೆನಿಸಿದ ಏಳೆಂಟು ಚರಾಂಶಗಳನ್ನಷ್ಟೇ ಕೈಯಿಂದ ಸೇರಿಸಿದ್ದೆ. ಜಾಣತನವೆಂದುಕೊಂಡಿದ್ದೆ. ಬೇಕೆನಿಸಿದ ಪಟ್ಟಿಯಲ್ಲಿ ‘ಕಂಟೆಂಟ್-ಎನ್‌ಕೋಡಿಂಗ್’ ಇರಲಿಲ್ಲ.

ಆ ಪಟ್ಟಿಯಲ್ಲಿ ಇಲ್ಲದ ಇನ್ನೊಂದು ಸಾಲು ಯಾವ ದೋಷವನ್ನೂ ಕೊಡದೆ ಮೂರು ವಾರ ಸುಮ್ಮನಿತ್ತು. ಗಿಟ್ 2.26ರಿಂದ, ಎಂದರೆ 2020ರಿಂದ, ಕ್ಲೈಂಟ್ ಮೊದಲು ಎರಡನೆಯ ಆವೃತ್ತಿಯ ಮಾತುಕತೆಯನ್ನೇ ಬಯಸುತ್ತದೆ, ಅದನ್ನು ‘ಗಿಟ್-ಪ್ರೋಟೋಕಾಲ್’ ಎಂಬ ತಲೆಸಾಲಿನಲ್ಲಿ ಹೇಳುತ್ತದೆ. ಸರ್ವರ್‌ಗೆ ಆ ಸಾಲು ತಲುಪದಿದ್ದರೆ ಅದು ಹಳೆಯ ಪದ್ಧತಿಯಲ್ಲಿ ಉತ್ತರಿಸುತ್ತದೆ, ಕ್ಲೈಂಟ್ ತಕರಾರಿಲ್ಲದೆ ಒಪ್ಪಿಕೊಳ್ಳುತ್ತದೆ. ಹಳೆಯ ಪದ್ಧತಿಯಲ್ಲಿ ರೆಪೊದಲ್ಲಿರುವ ಎಲ್ಲ ಶಾಖೆ, ಎಲ್ಲ ಟ್ಯಾಗ್‌ಗಳ ಪಟ್ಟಿಯನ್ನೂ ಪ್ರತಿ ಸಲ ಓದಿ ಹೇಳಬೇಕು. ಹೊಸದರಲ್ಲಿ ಬೇಕಾದಷ್ಟನ್ನೇ ಕೇಳಬಹುದು. ಪ್ರತಿ ಮಿಲ್ಲಿನ ಪ್ರತಿ ಬಿಡುಗಡೆಗೂ ಟ್ಯಾಗ್ ಹಾಕುವ ನಮ್ಮಂಥವರಿಗೆ ಇದು ಸಣ್ಣ ವ್ಯತ್ಯಾಸವಲ್ಲ. ಕ್ಲೈಂಟಿನಲ್ಲಿ ಪ್ಯಾಕೆಟ್ ಜಾಡು ತೋರಿಸುವ ಚರಾಂಶವನ್ನು ಹಾಕಿ ನೋಡಿದಾಗ ಎಲ್ಲೂ ‘ವರ್ಷನ್ 2’ ಎಂಬ ಸಾಲು ಕಾಣದಿದ್ದುದರಿಂದಲೇ ಇದು ಗೊತ್ತಾದದ್ದು.

ಈಗ ಪದರ ತಲೆಸಾಲುಗಳನ್ನು ಆರಿಸುವುದಿಲ್ಲ. ‘ಪ್ರಾಕ್ಸಿ’ಯನ್ನೂ, ಗುಪ್ತಪದ ಹೊತ್ತ ‘ಆಥರೈಸೇಷನ್’ ಸಾಲನ್ನೂ ತೆಗೆದು, ಉಳಿದೆಲ್ಲವನ್ನೂ ಹಾಗೆಯೇ ದಾಟಿಸುತ್ತದೆ. ಕುಗ್ಗಿಸಿದ್ದನ್ನು ಪೈಥಾನಿನಲ್ಲೇ ಬಿಡಿಸಿ ಕೊಡುವ ಕೋಡನ್ನೂ ಆ ರಾತ್ರಿ ಬರೆದಿದ್ದೆ; ಬೆಳಿಗ್ಗೆ ಓದಿ ಅಳಿಸಿದೆ. ಗಿಟ್‌ಗೆ ಬರುವ ಕೆಲಸವನ್ನು ಪದರಕ್ಕೆ ಕಲಿಸಿದರೆ ನಾಳೆ ಗಿಟ್ ಬದಲಾದಾಗ ಅದನ್ನೂ ಬದಲಿಸುವವರು ಬೇಕಾಗುತ್ತಾರೆ.

ಮೂವತ್ತನೆಯ ಸೆಕೆಂಡು ಮತ್ತು ಕರೆಂಟು

ಹಳೆಯ ಚೀಟಿಗಳ ಸ್ಕ್ಯಾನ್ ಪ್ರತಿಗಳನ್ನೂ ಹೊಟ್ಟೆಗೆ ಹಾಕಿಕೊಂಡಿದ್ದ 600 ಎಂಬಿಯ ಒಂದು ರೆಪೊ ನಮ್ಮಲ್ಲಿದೆ. ಅದನ್ನು ಕ್ಲೋನ್ ಮಾಡಿದಾಗಲೆಲ್ಲ ಕರ್ನಲ್ ಸ್ಮರಣೆ ಸಾಲದೆಂದು ಪ್ರಕ್ರಿಯೆಯನ್ನು ಕೊಲ್ಲುತ್ತಿತ್ತು, ಏಕೆಂದರೆ ನಾನು ಬ್ಯಾಕೆಂಡಿನ ಉತ್ತರವನ್ನು ಪೂರ್ತಿ ಸಂಗ್ರಹಿಸಿ ಆಮೇಲೆ ಕಳಿಸುತ್ತಿದ್ದೆ. 64 ಕೆಬಿಯ ತುಂಡುಗಳಾಗಿ ಬಂದಂತೆ ಬಿಡುವ ಪೈಥಾನಿನ ಜನರೇಟರ್ (ಒಂದೊಂದೇ ತುಂಡು ಕೊಡುವ ಕೋಡು) ಬರೆದ ಮೇಲೆ ಸ್ಮರಣೆಯ ಸಮಸ್ಯೆ ಹೋಯಿತು, ಕ್ಲೋನ್ ಮಾತ್ರ ಸರಿಯಾಗಿ ಮೂವತ್ತು ಸೆಕೆಂಡಿಗೆ ಕಡಿದು ಬೀಳತೊಡಗಿತು. ಗುನಿಕಾರ್ನ್‌ನ ಸಾಮಾನ್ಯ ಬಗೆಯ ಕೆಲಸಗಾರ ಪ್ರಕ್ರಿಯೆ ಒಂದೇ ವಿನಂತಿಯಲ್ಲಿ 30 ಸೆಕೆಂಡು ಮುಳುಗಿದರೆ ಅದು ಸತ್ತಿದೆಯೆಂದು ಭಾವಿಸಿ ಯಜಮಾನ ಪ್ರಕ್ರಿಯೆ ಅದನ್ನು ಕೊಂದು ಹೊಸದನ್ನು ಎಬ್ಬಿಸುತ್ತದೆ. ಎಳೆಗಳನ್ನು (ಒಂದೇ ಪ್ರಕ್ರಿಯೆಯೊಳಗೆ ಒಟ್ಟಿಗೆ ಓಡುವ ಥ್ರೆಡ್‌ಗಳನ್ನು) ಬಳಸುವ ಬಗೆಗೆ ಬದಲಿಸಿ, ನಾಲ್ಕು ಎಳೆ ಕೊಟ್ಟೆ. ಐದು ಜನಕ್ಕೆ ನಾಲ್ಕು ಧಾರಾಳ.

ಅರ್ಧಕ್ಕೆ ನಿಂತ ಕ್ಲೋನ್‌ಗಳದ್ದು ಬೇರೆಯೇ ಕಥೆ. ಕರೆಂಟ್ ಹೋದಾಗ ಸರ್ವರ್ ತನ್ನ ಬ್ಯಾಟರಿಯ ಮೇಲೆ ಓಡುತ್ತಲೇ ಇರುತ್ತದೆ, ವೈಫೈ ರೂಟರ್ ಮಾತ್ರ ತಟ್ಟನೆ ಆರುತ್ತದೆ. ಕ್ಲೈಂಟ್‌ಗಳು ಹೇಳದೆ ಕೇಳದೆ ಮಾಯ. ಒಂದು ಮಧ್ಯಾಹ್ನ ಎರಡು ಸಲ ಕರೆಂಟ್ ಹೋಗಿ ಬಂದ ಮೇಲೆ ಲ್ಯಾಪ್‌ಟಾಪಿನ ಫ್ಯಾನ್ ಕಿರುಚುತ್ತಿರುವುದು ಕೇಳಿ ನೋಡಿದರೆ, ಯಾರೂ ಪಡೆಯದ ಪೊಟ್ಟಣವೊಂದನ್ನು ಕಟ್ಟುತ್ತ ‘ಪ್ಯಾಕ್-ಆಬ್ಜೆಕ್ಟ್ಸ್’ ಪ್ರಕ್ರಿಯೆ ಬೆವರುತ್ತಿತ್ತು, ಅದರ ಪಕ್ಕದಲ್ಲಿ ಸತ್ತರೂ ಹೆಸರು ಅಳಿಯದ ನಾಲ್ಕು ಪ್ರಕ್ರಿಯೆಗಳಿದ್ದವು. ಕ್ಲೈಂಟ್ ಹೋಗಿದ್ದಾನೆಂದು ಎಂಜಿನ್‌ಎಕ್ಸ್ ತನ್ನ ಮೂಲ ಮಿತಿಯಾದ 60 ಸೆಕೆಂಡು ಕಾದು ತೀರ್ಮಾನಿಸುತ್ತದೆ. ಆಗ ಗುನಿಕಾರ್ನ್ ನನ್ನ ಜನರೇಟರನ್ನು ಮುಚ್ಚುತ್ತದೆ. ಮುಚ್ಚಿದಾಗ ಏನು ಮಾಡಬೇಕೆಂದು ನಾನು ಬರೆದೇ ಇರಲಿಲ್ಲ. ಬ್ಯಾಕೆಂಡನ್ನು ಕೊಲ್ಲುವ ಸಾಲನ್ನು ಸೇರಿಸಿದರೂ ಮಗ ಸತ್ತು ಮೊಮ್ಮಗ ಉಳಿಯುತ್ತಿದ್ದ, ಏಕೆಂದರೆ ಪೊಟ್ಟಣ ಕಟ್ಟುವುದು ಬ್ಯಾಕೆಂಡ್ ಅಲ್ಲ, ಅದು ಎಬ್ಬಿಸಿದ ಬೇರೆ ಪ್ರಕ್ರಿಯೆ. ಬ್ಯಾಕೆಂಡನ್ನು ಹೊಸ ಸೆಷನ್‌ನಲ್ಲಿ ಆರಂಭಿಸಿ, ಕೊಲ್ಲುವಾಗ ಇಡೀ ಪ್ರಕ್ರಿಯಾ ಗುಂಪಿಗೆ ಸಂಕೇತ ಕಳಿಸಿ, ಕೊನೆಗೆ ಕಾದು ಅದರ ಸಾವನ್ನು ದಾಖಲಿಸಿಕೊಳ್ಳುವಂತೆ ಮಾಡಿದೆ.

ಉಳಿದವು ಚಿಲ್ಲರೆ. ಪೆನ್‌ಡ್ರೈವಿನಿಂದ ನನ್ನ ಖಾತೆಯಲ್ಲಿ ಇಳಿಸಿದ ರೆಪೊಗಳಲ್ಲಿ ಸೇವೆಯ ಬಳಕೆದಾರನಾಗಿ ಗಿಟ್ ಆದೇಶ ಕೊಟ್ಟಾಗ ಒಡೆತನ ಸಂಶಯಾಸ್ಪದವೆಂಬ ದೋಷ ಬಂತು. 2022ರ ಏಪ್ರಿಲ್‌ನ 2.35.2ರಿಂದ ಗಿಟ್ ಬೇರೆಯವರ ಒಡೆತನದ ರೆಪೊಗಳನ್ನು ಹಾಗೆಯೇ ನಂಬುವುದಿಲ್ಲ. ಎಲ್ಲವನ್ನೂ ನಂಬು ಎಂದು ನಕ್ಷತ್ರ ಹಾಕುವ ಬದಲು ಒಡೆತನವನ್ನೇ ಬದಲಿಸಿದೆ. ಬರಿಯ ರೆಪೊ (ಕೆಲಸದ ಕಡತಗಳಿಲ್ಲದೆ ಇತಿಹಾಸವಷ್ಟೇ ಇರುವ ರೆಪೊ) ಸೃಷ್ಟಿಸಿದಾಗ ಅದರ ಹೆಡ್, ಎಂದರೆ ಮುಖ್ಯ ಶಾಖೆ ಯಾವುದೆಂಬ ಗುರುತು, ‘ಮಾಸ್ಟರ್’ ಕಡೆ ನೋಡುತ್ತಿದ್ದು, ನಾವು ‘ಮೇನ್’ಗೆ ಪುಶ್ ಮಾಡಿದ್ದರಿಂದ ಕ್ಲೋನ್ ಮಾಡಿದವರಿಗೆ ಖಾಲಿ ಫೋಲ್ಡರ್ ಸಿಗುತ್ತಿತ್ತು, ಅದು ಒಂದು ಆದೇಶದ ಕೆಲಸ. ವಾರಕ್ಕೊಮ್ಮೆ ಪ್ರತಿ ರೆಪೊವನ್ನೂ ಬಂಡಲ್ ಮಾಡಿ (ಒಂದೇ ಕಡತವಾಗಿಸಿ), ಪರಿಶೀಲಿಸಿ, ಹೊರಗಿನ ಡಿಸ್ಕಿಗೆ ಹಾಕುವ ಪುಟ್ಟ ಸ್ಕ್ರಿಪ್ಟ್ ಇದೆ.

ಯಾರು ಯಾವಾಗ ಪುಶ್ ಮಾಡಿದರೆಂಬುದು ಸರ್ವರ್‌ನಲ್ಲಿ ಉಳಿಯಬೇಕೆಂದು ರೆಫ್‌ಲಾಗ್ (ಶಾಖೆಗಳ ಬದಲಾವಣೆಯ ದಾಖಲೆ) ತೆರೆದೆ. ಬರಿಯ ರೆಪೊಗಳಲ್ಲಿ ಅದು ಮೂಲತಃ ಮುಚ್ಚಿರುತ್ತದೆ. ಬ್ಯಾಕೆಂಡ್ ‘ರಿಮೋಟ್_ಯೂಸರ್’ ಮತ್ತು ವಿಳಾಸವನ್ನು ಜೋಡಿಸಿ ಅಲ್ಲಿ ಬರೆಯುತ್ತದೆ. ಎಲ್ಲರ ವಿಳಾಸವೂ 127.0.0.1 ಎಂದೇ ಬರುತ್ತಿತ್ತು, ಪದರಕ್ಕೆ ಕಾಣುವುದು ಎಂಜಿನ್‌ಎಕ್ಸ್ ಮಾತ್ರವಾದ್ದರಿಂದ. ಎಂಜಿನ್‌ಎಕ್ಸ್ ತನಗೆ ಕಂಡ ವಿಳಾಸವನ್ನು ತಲೆಸಾಲಾಗಿ ಕೊಡುವಂತೆ, ಪದರ ಅದನ್ನೇ ಬಳಸುವಂತೆ ಮಾಡಿದೆ. ಗುನಿಕಾರ್ನ್ ಆ ಯಂತ್ರದೊಳಗಿನ ಸಂಪರ್ಕವನ್ನಷ್ಟೇ ಕೇಳುವುದರಿಂದ ಹೊರಗಿನ ಜಾಲದಿಂದ ಆ ಸಾಲನ್ನು ಹುಸಿಯಾಗಿ ಹಾಕಲು ದಾರಿಯಿಲ್ಲ.

ಕೊನೆಯ ಪರೀಕ್ಷೆಯನ್ನು ಶನಿವಾರ ಸಂಜೆ ಮಾಡಿದೆ. 600 ಎಂಬಿಯ ರೆಪೊದ ಕ್ಲೋನ್ ನಡೆಯುತ್ತಿರುವಾಗ ರೂಟರಿನ ಸ್ವಿಚ್ ಆರಿಸಿ, ಲ್ಯಾಪ್‌ಟಾಪಿನ ಮುಚ್ಚಳ ತೆರೆದು ಪ್ರಕ್ರಿಯೆಗಳ ಪಟ್ಟಿಯನ್ನು ನೋಡುತ್ತ ಕುಳಿತೆ. ಒಂದು ನಿಮಿಷ ಕಳೆದು ಮೂರು ಸೆಕೆಂಡಿಗೆ ಗಿಟ್‌ನ ಮೂರೂ ಪ್ರಕ್ರಿಯೆಗಳು ಪಟ್ಟಿಯಿಂದ ಹೋದವು, ಫ್ಯಾನ್ ನಿಧಾನವಾಯಿತು. ರೂಟರ್ ಹಾಕಿದ ಮೇಲೆ ಚಿತ್ತಾಪುರದಿಂದ ಬಂದಿದ್ದವರು ತಮ್ಮ 47 ಕಮಿಟ್‌ಗಳನ್ನು ಮರ್ಜ್ ಮಾಡಿ ಪುಶ್ ಮಾಡಿದರು. ರೆಫ್‌ಲಾಗಿನಲ್ಲಿ ಅವರ ಹೆಸರೂ, ಅವರ ಲ್ಯಾಪ್‌ಟಾಪಿನ ನಿಜವಾದ ವಿಳಾಸವೂ ಬಂದಿದ್ದವು.